ಒಳಗಿನವರೋ, ಹೊರಗಿನವರೋ, ಹೊಸ್ತಿಲ ಮೇಲಿನವರೋ: ವಿಚಾರ, ನಂಬಿಕೆ, ಸಂಸ್ಕೃತಿಯ ಪಾಡ್‌ಕಾಸ್ಟ್ ಆರಿಸುವ ಬಗೆ

ಪಾಡ್‌ಕಾಸ್ಟ್ ಆರಿಸುವಾಗ ನಾವೆಲ್ಲ ಮೊದಲು ನೋಡುವುದು ವಿಷಯವನ್ನು. ತತ್ವಶಾಸ್ತ್ರ ಬೇಕು, ಧರ್ಮಗಳ ಇತಿಹಾಸ ಬೇಕು, ಕಾವ್ಯ ಬೇಕು ಎಂದು ಹುಡುಕುತ್ತೇವೆ, ಸಿಕ್ಕ ಹತ್ತನ್ನು ಫೋನಿಗೆ ತುಂಬಿಕೊಳ್ಳುತ್ತೇವೆ. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದೆ. ತುಂಬಿಕೊಂಡವುಗಳಲ್ಲಿ ಹೆಚ್ಚಿನವು ಎರಡನೇ ಸಂಚಿಕೆ ದಾಟಲಿಲ್ಲ. ಕಾರ್ಯಕ್ರಮಗಳು ಕೆಟ್ಟವೇನೂ ಆಗಿರಲಿಲ್ಲ. ಆ ಹೊತ್ತಿಗೆ ನನಗೆ ಬೇಕಾದದ್ದು ಒಂದು, ಅವು ಕೊಡುತ್ತಿದ್ದದ್ದು ಇನ್ನೊಂದು.

ಒಬ್ಬ ವ್ಯಕ್ತಿಯನ್ನು ಉದಾಹರಣೆಗೆ ಇಟ್ಟುಕೊಂಡರೆ ಇದು ಸ್ಪಷ್ಟವಾಗುತ್ತದೆ. ಅಲ್ ಗಜಾಲಿ 11ನೇ ಶತಮಾನದ ಪರ್ಷಿಯನ್ ವಿದ್ವಾಂಸರು, ಬಾಗ್ದಾದಿನ ನಿಜಾಮಿಯಾ ಮದರಸಾದ ಹೆಸರಾಂತ ಗುರುಗಳು. ಅರಿಸ್ಟಾಟಲ್‌ನ ಜಾಡು ಹಿಡಿದ ತತ್ವಜ್ಞಾನಿಗಳನ್ನು 20 ಅಂಶಗಳಲ್ಲಿ ಖಂಡಿಸಿ ಗ್ರಂಥ ಬರೆದವರು. 1095ರಲ್ಲಿ ಪಾಠ ಹೇಳಲು ಹೋದರೆ ಅವರ ನಾಲಿಗೆಯೇ ಹೊರಳದಾಯಿತು. ವೈದ್ಯರಿಂದ ಏನೂ ಆಗಲಿಲ್ಲ. ಕೊನೆಗೆ ಹುದ್ದೆ, ಆಸ್ತಿ ಬಿಟ್ಟು, ಊರು ತೊರೆದು, ಸೂಫಿಗಳ ದಾರಿ ಹಿಡಿದರು.

ಈ ಒಬ್ಬರನ್ನೇ ಬೇರೆ ಬೇರೆ ಕಡೆ ಕೇಳಿ ನೋಡಿ. ತತ್ವಶಾಸ್ತ್ರದ ಇತಿಹಾಸ ಹೇಳುವವರಿಗೆ ಮುಖ್ಯವಾಗುವುದು ಹತ್ತಿ ಮತ್ತು ಬೆಂಕಿಯ ವಾದ: ಬೆಂಕಿ ತಾಗಿದಾಗ ಹತ್ತಿ ಉರಿಯುವುದನ್ನು ಕಾಣುತ್ತೇವೆಯೇ ಹೊರತು, ಬೆಂಕಿಯೇ ಉರಿಸಿತು ಎಂಬುದನ್ನು ಕಣ್ಣಾರೆ ಕಂಡವರಿಲ್ಲ ಎಂಬ ತರ್ಕ. ಧರ್ಮಗಳ ಅಧ್ಯಯನ ಮಾಡುವವರು ಅವರನ್ನು ಆಸ್ಥಾನ, ಮದರಸಾ, ಪಂಥಗಳ ಜಗಳದ ನಡುವೆ ನಿಲ್ಲಿಸುತ್ತಾರೆ. ನಂಬಿಕೆಯ ಕುರಿತು ಮನಸ್ಸು ಬಿಚ್ಚಿ ಮಾತಾಡುವ ಕಡೆ ಆ ಕಟ್ಟಿಹೋದ ನಾಲಿಗೆಯೇ ಇಡೀ ಕಥೆ. ಮೂರೂ ಸತ್ಯವೇ. ನಿಮಗೆ ಇವತ್ತು ಯಾವುದು ಬೇಕು ಎಂಬುದರ ಮೇಲೆ ಆಯ್ಕೆ ನಿಂತಿದೆ.

ಹಾಗಾಗಿ ಈಗ ನಾನು ಎರಡೇ ಪ್ರಶ್ನೆ ಇಟ್ಟುಕೊಂಡು ಆರಿಸುತ್ತೇನೆ. ಇವರು ವಿಚಾರವನ್ನು ಹೇಗೆ ಹಿಡಿಯುತ್ತಾರೆ? ನಂಬಿಕೆಯ ಮಾತು ಬಂದಾಗ ಇವರು ಎಲ್ಲಿ ನಿಂತಿರುತ್ತಾರೆ, ಮನೆಯೊಳಗೋ, ಬೀದಿಯಲ್ಲೋ, ಹೊಸ್ತಿಲ ಮೇಲೋ?

ಮೊದಲ ಪ್ರಶ್ನೆ: ವಿಚಾರವನ್ನು ಹಿಡಿಯುವ ಬಗೆ

ವಿಚಾರಗಳ ಇತಿಹಾಸ ಎಂಬ ಶಿಸ್ತಿನೊಳಗೇ ಎರಡು ಮನೆತನಗಳಿವೆ. ಅಮೆರಿಕದ ಆರ್ಥರ್ ಲವ್‌ಜಾಯ್ 1936ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದೇ ಕಲ್ಪನೆಯನ್ನು ಪ್ಲೇಟೊನ ಕಾಲದಿಂದ ಹಿಡಿದು ಶತಮಾನಗಳುದ್ದಕ್ಕೂ ಹಿಂಬಾಲಿಸಿದರು. ವಿಚಾರ ಎಂದರೆ ಒಂದು ಬೀಜ, ಅದು ಕಾಲದಿಂದ ಕಾಲಕ್ಕೆ, ನೆಲದಿಂದ ನೆಲಕ್ಕೆ ಹಾರಿಹೋಗಿ ಮೊಳೆಯುತ್ತದೆ ಎಂಬಂಥ ನೋಟ ಅದು. ವಿಚಾರಗಳ ಇತಿಹಾಸಕ್ಕೆಂದೇ ಒಂದು ವಿದ್ವತ್ ಪತ್ರಿಕೆಯನ್ನು 1940ರಲ್ಲಿ ಆರಂಭಿಸಿದವರೂ ಅವರೇ. ಇಂಗ್ಲೆಂಡಿನ ಕ್ವೆಂಟಿನ್ ಸ್ಕಿನ್ನರ್ 1969ರ ಒಂದು ಲೇಖನದಲ್ಲಿ ಈ ನೋಟವನ್ನು ಕಟುವಾಗಿ ಪ್ರಶ್ನಿಸಿದರು. ಬರೆದವರು ಆ ಹೊತ್ತಿನಲ್ಲಿ ಯಾರಿಗೆ ಉತ್ತರ ಕೊಡುತ್ತಿದ್ದರು, ಆ ಮಾತಿನಿಂದ ಏನು ಮಾಡಲು ಹೊರಟಿದ್ದರು ಎಂದು ತಿಳಿಯದೆ ಮಾತಿನ ಅರ್ಥ ತಿಳಿಯದು ಎಂಬುದು ಅವರ ವಾದ.

ಇದು ಪಂಡಿತರ ಒಳಜಗಳ ಎಂದು ಬಿಟ್ಟುಬಿಡುವಂಥದ್ದಲ್ಲ. ಗಜಾಲಿಯವರನ್ನೇ ನೋಡಿ. ತತ್ವಜ್ಞಾನಿಗಳ ಮತವೇನು ಎಂದು ವಿವರಿಸಿ ಅವರು ಬರೆದ ಪುಸ್ತಕವೊಂದು 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದವಾಯಿತು. ಇದು ನನ್ನ ಮತವಲ್ಲ, ಅವರ ಮತ ಎಂದು ಹೇಳುವ ಮುನ್ನುಡಿ ಹೆಚ್ಚಿನ ಓದುಗರ ಕೈಗೆ ತಲುಪಲಿಲ್ಲ. ತತ್ವಜ್ಞಾನಿಗಳ ಕಡು ಟೀಕಾಕಾರರಾಗಿದ್ದವರು ಯುರೋಪಿನಲ್ಲಿ ಬಹುಕಾಲ ಅದೇ ತತ್ವಜ್ಞಾನಿಗಳಲ್ಲಿ ಹೆಸರಾದ ಅವಿಸೆನ್ನನ (ಇಬ್ನ್ ಸೀನಾ) ಅನುಯಾಯಿ ಎಂದೇ ಹೆಸರಾದರು. ಬೀಜ ಹಾರಿಹೋಯಿತು ಎಂದಷ್ಟೇ ಹೇಳುವ ಕಾರ್ಯಕ್ರಮದಲ್ಲಿ ಇಂಥ ಸಂಗತಿ ತಪ್ಪಿಹೋಗುತ್ತದೆ. ಸಂದರ್ಭವನ್ನಷ್ಟೇ ಅಗೆಯುವ ಕಾರ್ಯಕ್ರಮದಲ್ಲಿ ಹತ್ತಿ ಮತ್ತು ಬೆಂಕಿಯ ವಾದ ಇಂದಿಗೂ ಯಾಕೆ ಕೆಣಕುತ್ತದೆ ಎಂಬುದು ತಪ್ಪಿಹೋಗುತ್ತದೆ. ಒಳ್ಳೆಯ ನಿರೂಪಕರು ಎರಡರ ನಡುವೆ ಓಡಾಡಬಲ್ಲವರು.

ಇನ್ ಅವರ್ ಟೈಮ್ ಮತ್ತು ಆಡಮ್‌ಸನ್ನರ ಇತಿಹಾಸ

ಬಿಬಿಸಿ ರೇಡಿಯೊ 4ರ ಇನ್ ಅವರ್ ಟೈಮ್ ಆರಂಭವಾದದ್ದು 1998ರ ಅಕ್ಟೋಬರ್‌ನಲ್ಲಿ. ಮೆಲ್ವಿನ್ ಬ್ರ್ಯಾಗ್ 2025ರವರೆಗೆ, ಸಾವಿರಕ್ಕೂ ಹೆಚ್ಚು ಸಂಚಿಕೆಗಳನ್ನು ನಡೆಸಿಕೊಟ್ಟರು. ಚೌಕಟ್ಟು ಸರಳ: ಒಂದು ವಿಷಯ, ಮೂವರು ವಿದ್ವಾಂಸರು, ಸುಮಾರು 45 ನಿಮಿಷ. ಸಂಗೀತವಿಲ್ಲ, ನಾಟಕವಿಲ್ಲ, ಪೀಠಿಕೆಯೂ ಹೆಚ್ಚಿಲ್ಲ. ವಿದ್ವಾಂಸರು ಅಡ್ಡದಾರಿ ಹಿಡಿದರೆ ಬ್ರ್ಯಾಗ್ ತಡೆದು, ಕೇಳಿದ್ದಕ್ಕೆ ಉತ್ತರ ಕೊಡಿ ಎಂಬ ಧಾಟಿಯಲ್ಲಿ ಮುಂದಕ್ಕೆ ದೂಡುತ್ತಿದ್ದರು. ಕೆಲವರಿಗೆ ಇದು ಒರಟು ಅನ್ನಿಸಬಹುದು. ನನಗೆ ಮಾತ್ರ ಇದು ಕೇಳುಗರ ಪರವಾಗಿ ಆಡಿದ ಮಾತಾಗಿಯೇ ಕೇಳಿಸಿದೆ. ತಜ್ಞರು ತಮ್ಮ ಪಾಡಿಗೆ ತಾವು ಮಾತಾಡುತ್ತಾ ಹೋದಾಗ ನಮ್ಮ ಕಡೆಯಿಂದ ಕೈಯೆತ್ತುವವರೊಬ್ಬರು ಬೇಕು.

ಇದರ ನಿಜವಾದ ಸಂಪತ್ತು ಹಳೆಯ ಸಂಚಿಕೆಗಳ ಕಣಜ. ಧರ್ಮ, ತತ್ವಶಾಸ್ತ್ರ, ಸಂಸ್ಕೃತಿ, ಇತಿಹಾಸ, ವಿಜ್ಞಾನ ಎಂದು ವಿಂಗಡಿಸಿ ಇಟ್ಟಿದ್ದಾರೆ. ಭಗವದ್ಗೀತೆಯ ಮೇಲೆ 2011ರಲ್ಲಿ, ಉಪನಿಷತ್ತುಗಳ ಮೇಲೆ 2012ರಲ್ಲಿ, ಅಲ್ ಗಜಾಲಿಯವರ ಮೇಲೆ 2015ರಲ್ಲಿ ಒಂದೊಂದು ಸಂಚಿಕೆ ಬಂತು. ಅನೇಕ ಸಂಚಿಕೆಗಳಿಗೆ ಓದಬೇಕಾದ ಪುಸ್ತಕಗಳ ಪಟ್ಟಿ ಇರುತ್ತದೆ. ಈಚಿನ ವರ್ಷಗಳ ಪಾಡ್‌ಕಾಸ್ಟ್ ರೂಪದ ಕೊನೆಯಲ್ಲಿ, ರೇಡಿಯೊದಲ್ಲಿ ಬಾರದ ಕೆಲವು ನಿಮಿಷಗಳಿವೆ. ಏನು ಹೇಳಲು ಬಿಟ್ಟುಹೋಯಿತು ಎಂದು ಅತಿಥಿಗಳನ್ನು ಕೇಳುವ ಹೊತ್ತು ಅದು. ಗಡಿಯಾರದ ಹಿಡಿತ ತಪ್ಪಿದ ಮೇಲೆ ಅವರ ದನಿಯೇ ಬದಲಾಗಿರುತ್ತದೆ, ತಮ್ಮ ನಡುವಿನ ಭಿನ್ನಾಭಿಪ್ರಾಯಗಳನ್ನು ಆಗ ಬಾಯಿಬಿಡುತ್ತಾರೆ. ಅಷ್ಟರಲ್ಲಿ ನಿರ್ಮಾಪಕರು ಒಳಗೆ ಬಂದು ಚಹಾ ಬೇಕೋ ಕಾಫಿ ಬೇಕೋ ಎಂದು ವಿಚಾರಿಸುತ್ತಾರೆ. ಆ ಕೊನೆಯ ನಿಮಿಷಗಳನ್ನು ದಯವಿಟ್ಟು ದಾಟಿಸಿಬಿಡಬೇಡಿ.

ಕೊರತೆಯೂ ಇದೆ. ಪ್ರತಿ ಸಂಚಿಕೆಯೂ ಒಂಟಿ ದ್ವೀಪ. ಈ ವಾರ ಝೊರಾಸ್ಟ್ರಿಯನ್ ಧರ್ಮ, ಮುಂದಿನ ವಾರ ಯಾವುದೋ ಕಾದಂಬರಿ, ಅದರಾಚೆ ಒಂದು ಮೂಲಧಾತು. ದ್ವೀಪಗಳ ನಡುವೆ ದೋಣಿ ನಡೆಸುವ ಕೆಲಸ ನಿಮ್ಮದೇ.

ಆ ದೋಣಿ ಬೇಕಾದವರಿಗೆ ಪೀಟರ್ ಆಡಮ್‌ಸನ್ ಇದ್ದಾರೆ. ಅವರ ಹಿಸ್ಟರಿ ಆಫ್ ಫಿಲಾಸಫಿ ವಿದೌಟ್ ಎನಿ ಗ್ಯಾಪ್ಸ್ 2010ರಲ್ಲಿ ಗ್ರೀಸಿನ ಥೇಲ್ಸ್‌ನಿಂದ ಶುರುವಾಯಿತು. ಎಲ್ಲೂ ಬಿಟ್ಟುಹೋಗದಂತೆ ಹೇಳುತ್ತೇನೆ ಎಂಬುದು ಅದರ ಹಟ. ಹಟ ಸಣ್ಣದಲ್ಲ. ಪಾಶ್ಚಾತ್ಯ ತತ್ವಶಾಸ್ತ್ರವನ್ನು ಕಲಿಸುವವರು ಸಾಮಾನ್ಯವಾಗಿ ಅರಿಸ್ಟಾಟಲ್‌ನಿಂದ 17ನೇ ಶತಮಾನದ ಡೆಕಾರ್ಟ್‌ನವರೆಗೆ ಒಂದೇ ನೆಗೆತಕ್ಕೆ ಹಾರಿಬಿಡುತ್ತಾರೆ. ನಡುವೆ ಹತ್ತೊಂಬತ್ತು ಶತಮಾನ! ಆಡಮ್‌ಸನ್ ಆ ಕಂದಕಕ್ಕೆ ಇಳಿದು, ಅರಬ್ಬಿ, ಹೀಬ್ರೂ, ಬೈಜಾಂಟಿಯನ್, ಲ್ಯಾಟಿನ್ ಚಿಂತಕರನ್ನು ಒಬ್ಬೊಬ್ಬರಾಗಿ ಮಾತಾಡಿಸಿಕೊಂಡು ಮೇಲೆ ಬಂದಿದ್ದಾರೆ. ಅವರು ಸ್ವತಃ ಅರಬ್ಬಿ ತತ್ವಶಾಸ್ತ್ರದ ವಿದ್ವಾಂಸರು. ಹಾಗಾಗಿ ಇಸ್ಲಾಮಿ ಜಗತ್ತಿನ ಭಾಗ ಈ ಸರಣಿಯ ಹೃದಯ ಎಂದೇ ನನ್ನ ಎಣಿಕೆ. ಗಜಾಲಿ ಅಲ್ಲಿ ಒಂಟಿಯಾಗಿ ಬರುವುದಿಲ್ಲ. ಅವರ ಮುಂಚೆ ಅವಿಸೆನ್ನ ಬಂದು ಹೋಗಿರುತ್ತಾನೆ, ಆಮೇಲೆ ಅವೆರೊಯೆಸ್ (ಇಬ್ನ್ ರುಶ್ದ್) ಬಂದು ಖಂಡನೆಗೆ ಮರುಖಂಡನೆ ಬರೆಯುತ್ತಾನೆ. ಜಗಳ ಯಾಕೆ ಹತ್ತಿತು ಎಂದು ತಿಳಿದೇ ನೀವು ಅಖಾಡಕ್ಕೆ ಬಂದಿರುತ್ತೀರಿ.

ಬೇರೆ ನಾಡುಗಳ ಕಥೆಗೆ ಅವರು ಪ್ರತ್ಯೇಕ ಸರಣಿ ಮಾಡಿ, ಆಯಾ ಕ್ಷೇತ್ರದ ತಜ್ಞರನ್ನು ಜೊತೆಗೆ ಕರೆದುಕೊಂಡರು. ಭಾರತೀಯ ದರ್ಶನಗಳಿಗೆ ಜೊನಾರ್ಡನ್ ಗನೇರಿ, ಆಫ್ರಿಕಾ ಮೂಲದ ಚಿಂತನೆಗೆ ಚೀಕೆ ಜೆಫರ್ಸ್, ಚೀನಾದ ತತ್ವಶಾಸ್ತ್ರಕ್ಕೆ ಕ್ಯಾರಿನ್ ಲೈ. ಭಾರತೀಯ ಸರಣಿಯಲ್ಲಿ ವೇದ ಉಪನಿಷತ್ತುಗಳ ಜೊತೆಗೆ ಚಾರ್ವಾಕರು, ಜೈನರು, ನಾಗಾರ್ಜುನ, ದಿಙ್ನಾಗ, ನ್ಯಾಯ ಮತ್ತು ಮೀಮಾಂಸೆ ಎಲ್ಲಕ್ಕೂ ಜಾಗವಿದೆ. ಭಾರತೀಯ ಚಿಂತನೆ ಎಂದರೆ ಬರೀ ಅಧ್ಯಾತ್ಮ ಎಂದುಕೊಂಡವರು ಪ್ರಮಾಣಶಾಸ್ತ್ರದ ಸಂಚಿಕೆಗಳನ್ನು ಕೇಳಬೇಕು. ತಿಳಿವು ಎಂದರೇನು, ಭ್ರಮೆ ಯಾಕೆ ಆಗುತ್ತದೆ ಎಂಬುದರ ಮೇಲೆ ಬೌದ್ಧರೂ ನೈಯಾಯಿಕರೂ ಶತಮಾನಗಟ್ಟಲೆ ನಡೆಸಿದ ಕಾದಾಟ ಎಷ್ಟು ಹರಿತವಾದದ್ದೆಂದು ಕೇಳಿದರೆ ಮೈ ನವಿರೇಳುತ್ತದೆ.

ಆಡಮ್‌ಸನ್ ಓದುವುದು ಬರೆದಿಟ್ಟುಕೊಂಡ ಪಾಠವನ್ನು, ಸಾಮಾನ್ಯವಾಗಿ ಇಪ್ಪತ್ತು ನಿಮಿಷ, ಸ್ಪಷ್ಟ ಉಚ್ಚಾರ. ನಡುನಡುವೆ ವಿದ್ವಾಂಸರ ಸಂದರ್ಶನ. ಜಿರಾಫೆಗಳ ಉದಾಹರಣೆ, ಮೂಕಿಚಿತ್ರದ ನಟನ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಅವರ ತಮಾಷೆ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ಸಂಚಿಕೆ ನಾನೂರು ದಾಟಿರುವುದನ್ನು ಕಂಡು ಎದೆ ಝಲ್ಲೆನ್ನಬಹುದು, ಆದರೆ ಮೊದಲಿನಿಂದಲೇ ಶುರುಮಾಡಬೇಕೆಂದಿಲ್ಲ. ಒಂದು ಕಾಲಘಟ್ಟ ಆರಿಸಿ, ಅದನ್ನು ಮಾತ್ರ ಬಿಡದೆ ಕೇಳಿ.

ಎರಡರಲ್ಲಿ ಒಂದೇ ಆಗಬೇಕು ಎಂದರೆ ನನ್ನ ತೀರ್ಮಾನ ಹೀಗಿದೆ: ವಾರಕ್ಕೆ ಒಂದೇ ಗಂಟೆ ಸಿಗುವವರಿಗೆ, ಕುತೂಹಲ ಹತ್ತು ಕಡೆ ಹರಿಯುವವರಿಗೆ ಇನ್ ಅವರ್ ಟೈಮ್. ದಿನಕ್ಕೆ ಅರ್ಧ ಗಂಟೆ ತಪ್ಪದೆ ಸಿಗುವವರಿಗೆ, ಆರು ತಿಂಗಳು ಒಂದೇ ದಾರಿಯಲ್ಲಿ ನಡೆಯಬಲ್ಲವರಿಗೆ ಆಡಮ್‌ಸನ್.

ಒಬ್ಬರ ದನಿ, ನಾಲ್ವರ ಹರಟೆ

ರಾಜಕೀಯ ಚಿಂತನೆಯ ಕಡೆ ಒಲವಿರುವವರು ಡೇವಿಡ್ ರನ್ಸಿಮನ್ ಅವರನ್ನು ಕೇಳಬೇಕು. 2020ರ ಲಾಕ್‌ಡೌನ್ ದಿನಗಳಲ್ಲಿ ಅವರು ಟಾಕಿಂಗ್ ಪಾಲಿಟಿಕ್ಸ್ ಪಾಡ್‌ಕಾಸ್ಟ್‌ನ ಭಾಗವಾಗಿ ವಿಚಾರಗಳ ಇತಿಹಾಸದ ಉಪನ್ಯಾಸ ಸರಣಿಯೊಂದನ್ನು ಶುರುಮಾಡಿದರು. ಹಾಬ್ಸ್‌ನಿಂದ ಆರಂಭ, ವೋಲ್‌ಸ್ಟನ್‌ಕ್ರಾಫ್ಟ್, ಮಾರ್ಕ್ಸ್, ಗಾಂಧಿ, ವೆಬರ್, ಅರೆಂಟ್, ಫ್ಯಾನನ್ ಹೀಗೆ ಸಾಗುತ್ತದೆ. ಒಬ್ಬರೇ ಕೂತು ಮುಕ್ಕಾಲು ಗಂಟೆ ಮಾತಾಡಿ ಹಿಡಿದಿಡುವುದು ಸುಲಭದ ಮಾತಲ್ಲ. ಗಾಂಧಿಯವರ ಹಿಂದ್ ಸ್ವರಾಜ್ ಈ ಸಾಲಿನಲ್ಲಿ ಕೂತಿರುವುದೇ ನನಗೆ ಮೆಚ್ಚುಗೆಯಾಯಿತು. 1909ರ ನವೆಂಬರ್‌ನಲ್ಲಿ, ಲಂಡನ್ನಿನಿಂದ ದಕ್ಷಿಣ ಆಫ್ರಿಕಾಕ್ಕೆ ಮರಳುವ ಹಡಗಿನಲ್ಲಿ, ಹತ್ತು ದಿನಗಳಲ್ಲಿ, ಬಲಗೈ ಸೋತಾಗ ಎಡಗೈಯಲ್ಲಿ ಬರೆದ ಪುಸ್ತಕ ಅದು. ಹಿಂಸೆಯ ದಾರಿ ಹಿಡಿಯಲು ಹೊರಟಿದ್ದ ಯುವಕರನ್ನು ಅವರು ಆಗಷ್ಟೇ ಲಂಡನ್ನಿನಲ್ಲಿ ಕಂಡು ಬಂದಿದ್ದರು. ಅವರಿಗೆ ಕೊಟ್ಟ ಉತ್ತರವಾಗಿ ಓದಿದಾಗ ಆ ಪುಸ್ತಕದ ಆವೇಶ ಅರ್ಥವಾಗುತ್ತದೆ. ಸ್ಕಿನ್ನರ್ ಹೇಳಿದ್ದು ಇಂಥದ್ದನ್ನೇ. ರನ್ಸಿಮನ್ 2023ರಿಂದ ಪಾಸ್ಟ್ ಪ್ರೆಸೆಂಟ್ ಫ್ಯೂಚರ್ ಎಂಬ ಪಾಡ್‌ಕಾಸ್ಟ್ ನಡೆಸುತ್ತಿದ್ದಾರೆ. ಒಂದು ಎಚ್ಚರಿಕೆ ಮಾತ್ರ: ಒಬ್ಬರೇ ಮಾತಾಡುವಾಗ ಅಡ್ಡಪ್ರಶ್ನೆ ಹಾಕುವವರಿರುವುದಿಲ್ಲ. ವಾದ ಎಷ್ಟು ಸೊಗಸಾಗಿ ಹರಿಯುತ್ತದೋ ಅಷ್ಟು ಹೆಚ್ಚು ಎಚ್ಚರ ನಮ್ಮದಾಗಿರಬೇಕು.

ಇದಕ್ಕೆ ತೀರಾ ಬೇರೆಯದು ದಿ ಪಾರ್ಷಿಯಲಿ ಎಗ್ಸಾಮಿನ್ಡ್ ಲೈಫ್. ಒಂದು ಕಾಲಕ್ಕೆ ತತ್ವಶಾಸ್ತ್ರವನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕೆಂದಿದ್ದು, ಆಮೇಲೆ ಮನಸ್ಸು ಬದಲಿಸಿದ ಗೆಳೆಯರು 2009ರಲ್ಲಿ ಶುರುಮಾಡಿದ್ದು. ಒಂದು ಮೂಲಕೃತಿ ಹಿಡಿದು ಕೂರುತ್ತಾರೆ, ಸಾಲುಸಾಲಾಗಿ ಜಗ್ಗಾಡುತ್ತಾರೆ. ಆ ಕೃತಿಯನ್ನು ನೀವೂ ಓದಿಕೊಂಡು ಬಂದರೆ ಇದರಷ್ಟು ಒಳ್ಳೆಯ ಓದುಗೂಟ ಇಲ್ಲ. ಓದದೆ ಬಂದರೆ ಬೇರೆಯವರ ಮನೆಯ ಜಗಳ ಕೇಳಿದಂತೆ.

ಹದಿನೈದು ನಿಮಿಷ ಮಾತ್ರ ಇದೆ ಎನ್ನುವವರಿಗೆ ಡೇವಿಡ್ ಎಡ್ಮಂಡ್ಸ್ ಮತ್ತು ನೈಜೆಲ್ ವಾರ್‌ಬರ್ಟನ್ 2007ರಲ್ಲಿ ಆರಂಭಿಸಿದ ಫಿಲಾಸಫಿ ಬೈಟ್ಸ್ ಸಾಕು.

ಎರಡನೇ ಪ್ರಶ್ನೆ: ನಂಬಿಕೆಯ ಮುಂದೆ ನಿಲ್ಲುವ ಜಾಗ

ಇಲ್ಲಿ ತಪ್ಪು ಆಯ್ಕೆ ಮಾಡಿದರೆ ಬರುವುದು ಬರೀ ಬೇಸರವಲ್ಲ, ನೋವು. ಆಸ್ತಿಕರೊಬ್ಬರು ತಮ್ಮ ಪ್ರಾರ್ಥನೆಯನ್ನು ಯಾರೋ ಪ್ರಯೋಗಾಲಯದ ಮೇಜಿನ ಮೇಲಿಟ್ಟು ಕೊಯ್ಯುವುದನ್ನು ಕೇಳಬೇಕಾಗುತ್ತದೆ. ನಾಸ್ತಿಕರೊಬ್ಬರು ಇತಿಹಾಸ ಕೇಳಲು ಹೋಗಿ ಉಪದೇಶದಲ್ಲಿ ಸಿಕ್ಕಿಕೊಳ್ಳುತ್ತಾರೆ. ಇಬ್ಬರಿಗೂ ಬೇಕಾದ ಕಾರ್ಯಕ್ರಮ ಇದೆ, ಬಾಗಿಲು ಬೇರೆ ಅಷ್ಟೇ.

ಬೀದಿಯಲ್ಲಿ ನಿಂತು ನೋಡುವವರ ಪೈಕಿ ದಿ ರಿಲಿಜಿಯಸ್ ಸ್ಟಡೀಸ್ ಪ್ರಾಜೆಕ್ಟ್ ಗಟ್ಟಿಯಾದದ್ದು. ಕ್ರಿಸ್ಟೊಫರ್ ಕಾಟರ್ ಮತ್ತು ಡೇವಿಡ್ ರಾಬರ್ಟ್‌ಸನ್ 2012ರಲ್ಲಿ ಆರಂಭಿಸಿದರು. ದೇವರಿದ್ದಾನೆಯೇ ಎಂಬುದು ಅವರ ಪ್ರಶ್ನೆಯಲ್ಲ. ಧರ್ಮ ಎಂಬ ಪದದಲ್ಲಿ ಏನನ್ನು ಸೇರಿಸುತ್ತೇವೆ, ಏನನ್ನು ಹೊರಗಿಡುತ್ತೇವೆ, ಹಾಗೆ ಗೆರೆ ಎಳೆಯುವ ಅಧಿಕಾರ ಯಾರದು ಎಂಬುದು ಪ್ರಶ್ನೆ. ಅನೇಕ ಸಂದರ್ಶನಗಳಿಗೆ ಇನ್ನೊಬ್ಬ ವಿದ್ವಾಂಸರು ಬರೆದ ಪ್ರತಿಕ್ರಿಯೆಯನ್ನೂ ಪ್ರಕಟಿಸುತ್ತಾರೆ. ಈ ಪದ್ಧತಿ ಎಲ್ಲರೂ ಅನುಸರಿಸಬೇಕಾದದ್ದು. ಪರಿಭಾಷೆ ತುಸು ಬಿಗಿ. ಸಮಾಜಶಾಸ್ತ್ರ, ಮಾನವಶಾಸ್ತ್ರ ಓದಿದವರಿಗೆ ಹಿತವಾಗುತ್ತದೆ.

ಮನೆಯೊಳಗಿನಿಂದ ಮಾತಾಡುವುದಕ್ಕೆ ಮಾರ್ಸ್ ಹಿಲ್ ಆಡಿಯೊ ಒಳ್ಳೆಯ ಉದಾಹರಣೆ. ಅಮೆರಿಕದ ಸಾರ್ವಜನಿಕ ರೇಡಿಯೊದಲ್ಲಿ ಕೆಲಸ ಮಾಡಿದ್ದ ಕೆನ್ ಮೈಯರ್ಸ್ ಇದನ್ನು 1990ರ ದಶಕದ ಆರಂಭದಲ್ಲಿ ಕ್ಯಾಸೆಟ್ ರೂಪದಲ್ಲಿ ತಂದರು, ಪಾಡ್‌ಕಾಸ್ಟ್ ಎಂಬ ಮಾತೇ ಹುಟ್ಟುವುದಕ್ಕೆ ಹತ್ತು ವರ್ಷ ಮುಂಚೆ. ಮಾರ್ಸ್ ಹಿಲ್ ಎಂದರೆ ಅಥೆನ್ಸಿನ ಅರಿಯೊಪಾಗಸ್ ಗುಡ್ಡ. ಸಂತ ಪೌಲನು ಗ್ರೀಕ್ ತತ್ವಜ್ಞಾನಿಗಳ ಎದುರು ಮಾತಾಡಿದ ಜಾಗ ಎಂದು ಬೈಬಲ್ ಹೇಳುತ್ತದೆ. ಹೆಸರಿನಲ್ಲೇ ನಿಲುವು ಇದೆ: ಕ್ರೈಸ್ತ ಪರಂಪರೆಯೊಳಗೆ ಕೂತು ಆಧುನಿಕ ಸಂಸ್ಕೃತಿಯನ್ನು, ತಂತ್ರಜ್ಞಾನವನ್ನು, ಸಂಗೀತವನ್ನು ವಿಚಾರಿಸುವುದು. ಗ್ರಂಥಕರ್ತರ ಜೊತೆ ನಿಧಾನದ ಸಂದರ್ಶನಗಳು. ಆ ಪರಂಪರೆಗೆ ಸೇರದವರಿಗೂ ಇದರಿಂದ ಲಾಭವಿದೆ. ನಂಬಿಕೆ ಇರುವವರು ತಮ್ಮ ನಂಬಿಕೆಯನ್ನು ಉಪಕರಣವಾಗಿ ಹಿಡಿದು ಯೋಚಿಸುವುದು ಹೇಗಿರುತ್ತದೆ ಎಂಬುದು ಹೊರಗಿನವರು ಬರೆದ ಯಾವ ವರದಿಯಲ್ಲೂ ಸಿಗುವುದಿಲ್ಲ.

ಹೊಸ್ತಿಲ ಮೇಲೆ ನಿಂತದ್ದು ಆನ್ ಬೀಯಿಂಗ್. ಕ್ರಿಸ್ಟಾ ಟಿಪ್ಪೆಟ್ ಬರ್ಲಿನ್ ಇಬ್ಭಾಗವಾಗಿದ್ದ ಕಾಲದಲ್ಲಿ ಅಲ್ಲಿ ಪತ್ರಕರ್ತೆಯಾಗಿದ್ದವರು, ಮುಂದೆ ಯೇಲ್‌ನಲ್ಲಿ ಧರ್ಮಶಾಸ್ತ್ರ ಓದಿದವರು. 2003ರಲ್ಲಿ ಸ್ಪೀಕಿಂಗ್ ಆಫ್ ಫೇತ್ ಎಂಬ ಹೆಸರಿನಲ್ಲಿ ವಾರದ ರೇಡಿಯೊ ಕಾರ್ಯಕ್ರಮವಾಯಿತು, 2010ರಲ್ಲಿ ಹೆಸರು ಬದಲಾಯಿತು. ನಂಬಿಕೆ ಎಂಬ ಪದವನ್ನು ಹೆಸರಿನಿಂದ ತೆಗೆದದ್ದು ಸಣ್ಣ ವಿಷಯವಲ್ಲ. ವಿಜ್ಞಾನಿಗಳು, ಕವಿಗಳು, ನಾಸ್ತಿಕರು ಸಂಕೋಚವಿಲ್ಲದೆ ಒಳಬರಲು ಬಾಗಿಲು ಅಗಲವಾಯಿತು. ಬಂದ ಅತಿಥಿ ಭೌತವಿಜ್ಞಾನಿಯಾಗಿರಲಿ, ಸನ್ಯಾಸಿನಿಯಾಗಿರಲಿ, ಟಿಪ್ಪೆಟ್ ಸಾಮಾನ್ಯವಾಗಿ ಶುರುಮಾಡುವುದು ಒಂದೇ ಕಡೆಯಿಂದ: ನಿಮ್ಮ ಬಾಲ್ಯದಲ್ಲಿ ಧಾರ್ಮಿಕ ಅಥವಾ ಆಧ್ಯಾತ್ಮಿಕ ಹಿನ್ನೆಲೆ ಹೇಗಿತ್ತು? ಈ ಪ್ರಶ್ನೆಯ ಸೊಗಸು ಇರುವುದು ಅದು ಮತವನ್ನು ಕೇಳುವುದಿಲ್ಲ ಎಂಬುದರಲ್ಲಿ. ನೀವು ಏನು ನಂಬುತ್ತೀರಿ ಎಂದರೆ ಮನುಷ್ಯ ಸೆಟೆದು ಕೂರುತ್ತಾನೆ. ನೀವು ಎಂಥ ಮನೆಯಲ್ಲಿ ಬೆಳೆದಿರಿ ಎಂದರೆ ಅಜ್ಜಿಯ ನೆನಪು, ಹೆದರಿಸಿದ ಕಥೆ, ಬಿಟ್ಟು ಬಂದ ಹಾಡು ಎಲ್ಲ ಹೊರಗೆ ಬರುತ್ತವೆ.

ಐರಿಷ್ ಕವಿ ಜಾನ್ ಓ'ಡೊನೊಹ್ಯು ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ ಟಿಪ್ಪೆಟ್ ಜೊತೆ ಆಡಿದ ಮಾತು, ಸಂದರ್ಶನಗಳನ್ನು ಸಾಮಾನ್ಯವಾಗಿ ಒಪ್ಪದ ಕವಯಿತ್ರಿ ಮೇರಿ ಆಲಿವರ್ ಜೊತೆಗಿನ ಮಾತು, ಇವೆರಡನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೆ ಇದರಿಂದ ಇತಿಹಾಸ ಕಲಿಯುತ್ತೇನೆ ಎಂದು ಹೊರಟರೆ ಕೈಗೆ ಹೆಚ್ಚು ಸಿಗದು. ಅತಿಥಿಯನ್ನು ಎದುರುಹಾಕಿಕೊಳ್ಳುವುದು ಟಿಪ್ಪೆಟ್ ಅವರ ರೀತಿಯಲ್ಲ. ವಾದದ ಹಸಿವಿರುವ ದಿನ ಇದು ಸಪ್ಪೆ ಅನ್ನಿಸುತ್ತದೆ, ದುಃಖದ ದಿನ ಇದಕ್ಕೆ ಸಾಟಿ ಇಲ್ಲ.

ಇದೇ ಹೊಸ್ತಿಲಿಗೆ ಇನ್ನಷ್ಟು ಗಾಳಿ ಬೀಸುವ ಕಾರ್ಯಕ್ರಮ ಬೇಕೆಂದರೆ ದಿ ಸೇಕ್ರೆಡ್ ಕೇಳಿ. ಲಂಡನ್ನಿನ ಥಿಯೋಸ್ ಚಿಂತನಸಂಸ್ಥೆಯ ಆಶ್ರಯದಲ್ಲಿ ಎಲಿಜಬೆತ್ ಓಲ್ಡ್‌ಫೀಲ್ಡ್ 2017ರಲ್ಲಿ ಆರಂಭಿಸಿದ್ದು. ನಿಮಗೆ ಪವಿತ್ರವಾದದ್ದು ಯಾವುದು ಎಂದು ಕೇಳುತ್ತಾರೆ. ಬರುವವರು ರಾಜಕೀಯವಾಗಿ, ಧಾರ್ಮಿಕವಾಗಿ ಒಬ್ಬರಿಗೊಬ್ಬರು ಆಗದವರು. ತಾವು ಕ್ರೈಸ್ತರೆಂದು ಓಲ್ಡ್‌ಫೀಲ್ಡ್ ಮುಚ್ಚಿಡುವುದಿಲ್ಲ, ಅದನ್ನು ಅತಿಥಿಯ ಮೇಲೆ ಹೇರುವುದೂ ಇಲ್ಲ.

ನಿಲುವು ಯಾವುದೇ ಇರಲಿ, ಬಚ್ಚಿಟ್ಟಿರಬಾರದು. ಒಮ್ಮೆ ಸೂಫಿಗಳ ಕುರಿತ ಒಂದು ಪಾಡ್‌ಕಾಸ್ಟ್ ಹಿಡಿದು ತಿಂಗಳುಗಟ್ಟಲೆ ಕೇಳಿದೆ. ಮೃದು ದನಿ, ಹಿತವಾದ ಸಂಗೀತ. ಅದರಲ್ಲಿ ಸೂಫಿ ಕವಿ ರೂಮಿಯದೆಂದು ಹೇಳಿದ ಒಂದು ಸಾಲು ನನ್ನ ಮನಸ್ಸಿಗೆ ಅಂಟಿಕೊಂಡಿತು, ಕಷ್ಟದಲ್ಲಿದ್ದ ಸ್ನೇಹಿತರೊಬ್ಬರಿಗೆ ಬರೆದೂ ಕಳಿಸಿದೆ. ಆಮೇಲೆ ಮೂಲ ಹುಡುಕಿದರೆ ಕೈಗೆ ಸಿಕ್ಕ ಯಾವ ಅನುವಾದದಲ್ಲೂ ಆ ಸಾಲಿರಲಿಲ್ಲ. ಆ ಕಾರ್ಯಕ್ರಮ ಒಂದು ಸಂಚಿಕೆಯಲ್ಲೂ ತನ್ನ ಆಕರ ಹೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಯಾರು ಮಾತಾಡುತ್ತಿದ್ದಾರೆ, ಯಾವ ಗುಂಪಿನವರು, ಎಲ್ಲಿಂದ ತಂದರು, ಒಂದೂ ಇಲ್ಲ. ಅಂದಿನಿಂದ ಆಕರ ಹೇಳದ ಮಧುರ ದನಿಗಳಿಂದ ನಾನು ದೂರ.

ಸಂಸ್ಕೃತಿಯ ಕಡೆಗೆ ವಾಲುವವರು

ಕೆನಡಾದ ಸಿಬಿಸಿ ರೇಡಿಯೊದ ಐಡಿಯಾಸ್ 1965ರಿಂದ ನಡೆದುಬಂದಿದೆ, ಈಗ ನಾಹ್ಲಾ ಆಯೆದ್ ನಿರೂಪಕಿ. ಇದು ಸಾಕ್ಷ್ಯಚಿತ್ರದ ಹಾಗೆ ಹಲವು ದನಿಗಳನ್ನು ಹೆಣೆದು ಮಾಡುವ ಕಾರ್ಯಕ್ರಮ. ವರ್ಷಕ್ಕೊಮ್ಮೆ ಮ್ಯಾಸಿ ಉಪನ್ಯಾಸಗಳೆಂಬ ಸಾರ್ವಜನಿಕ ಉಪನ್ಯಾಸ ಮಾಲೆಯನ್ನೂ ಪ್ರಸಾರ ಮಾಡುತ್ತದೆ. ಅಡುಗೆ ಮಾಡುತ್ತಲೋ ಬಟ್ಟೆ ಮಡಿಸುತ್ತಲೋ ಕೇಳುವವರಿಗೆ ಇದು ಹೆಚ್ಚು ಹೊಂದುತ್ತದೆ. ಗಮನ ಒಂದು ಕ್ಷಣ ತಪ್ಪಿದರೂ ಎಳೆ ಮತ್ತೆ ಸಿಗುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೇಡಿಯೊದಿಂದ 2005ರಲ್ಲಿ ಶುರುವಾದ ಎಂಟೈಟಲ್ಡ್ ಒಪಿನಿಯನ್ಸ್ ಇದಕ್ಕೆ ತದ್ವಿರುದ್ಧ. ಡಾಂಟೆಯನ್ನು ಆಳವಾಗಿ ಓದಿದ ರಾಬರ್ಟ್ ಹ್ಯಾರಿಸನ್ ದೀರ್ಘ ಸ್ವಗತದಿಂದ ತೊಡಗುತ್ತಾರೆ, ಆಮೇಲೆ ಒಬ್ಬರೇ ಅತಿಥಿಯೊಂದಿಗೆ ಸುಮಾರು ಒಂದು ಗಂಟೆ. ಫ್ರೆಂಚ್ ಚಿಂತಕ ರೆನೆ ಜಿರಾರ್ ಜೊತೆಗಿನ ಸಂಭಾಷಣೆ ಕೇಳಿ. ಇದು ಕೆಲಸದ ನಡುವೆ ಕೇಳುವಂ‍ಥದ್ದಲ್ಲ, ಕೂತು ಕೇಳುವಂಥದ್ದು.

ಪೋಯೆಟ್ರಿ ಅನ್‌ಬೌಂಡ್ ಬಗ್ಗೆ ಒಂದೇ ಮಾತು. ಆನ್ ಬೀಯಿಂಗ್ ಬಳಗದಿಂದ 2020ರಲ್ಲಿ ಬಂದದ್ದು. ಪಾಡ್ರಿಗ್ ಓ ಟೂಮಾ ಒಂದು ಕವಿತೆ ಓದುತ್ತಾರೆ, ಅದರ ಜೊತೆ ಸ್ವಲ್ಪ ಹೊತ್ತು ಇರುತ್ತಾರೆ, ಕೊನೆಗೆ ಮತ್ತೆ ಓದುತ್ತಾರೆ. ಎರಡನೇ ಓದಿನಲ್ಲಿ ಅದೇ ಕವಿತೆ ಬೇರೆಯಾಗಿ ಕೇಳಿಸುತ್ತದೆ.

ಹೊಸ ಸಂಶೋಧನೆ ಬೇಕಾದವರಿಗೆ ಮಾರ್ಷಲ್ ಪೋ ಸ್ಥಾಪಿಸಿದ ನ್ಯೂ ಬುಕ್ಸ್ ನೆಟ್‌ವರ್ಕ್ ಇದೆ. ಬೌದ್ಧಿಕ ಇತಿಹಾಸ, ಧರ್ಮ, ಇಸ್ಲಾಮಿಕ್ ಅಧ್ಯಯನ ಹೀಗೆ ಪ್ರತ್ಯೇಕ ವಾಹಿನಿಗಳಿವೆ. ವಿದ್ವತ್ ಪುಸ್ತಕ ಬರೆದವರನ್ನು ಅದೇ ಕ್ಷೇತ್ರದವರು ಮಾತಾಡಿಸುತ್ತಾರೆ. ನಿರೂಪಕರು ಹಲವರು, ಹಾಗಾಗಿ ಗುಣಮಟ್ಟ ಒಂದೇ ಸಮ ಇಲ್ಲ. ಲೇಖಕರು ತಮ್ಮ ಪುಸ್ತಕದ ಬಗ್ಗೆ ತಾವೇ ಹೇಳುತ್ತಿರುತ್ತಾರೆ ಎಂಬುದೂ ನೆನಪಿರಲಿ. ಪುಸ್ತಕ ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲು ಮಾತ್ರ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಪರೀಕ್ಷಿಸುವ ರೀತಿ

ಹೊಸ ಪಾಡ್‌ಕಾಸ್ಟ್ ಸಿಕ್ಕಾಗ ನಿಮಗೆ ಗೊತ್ತಿಲ್ಲದ ವಿಷಯದಿಂದ ಶುರುಮಾಡಬೇಡಿ. ಚೆನ್ನಾಗಿ ಗೊತ್ತಿರುವ ವಿಷಯದ ಸಂಚಿಕೆ ಹುಡುಕಿ. ನಿಮ್ಮ ಸ್ವಂತ ಧರ್ಮದ ಬಗ್ಗೆ, ನೀವು ಹತ್ತು ಸಲ ಓದಿದ ಗ್ರಂಥದ ಬಗ್ಗೆ ಅವರು ಏನು ಹೇಳುತ್ತಾರೆ ಕೇಳಿ. ಅಲ್ಲಿ ಅವಸರ ಮಾಡಿದವರು, ಹೆಸರುಗಳನ್ನು ಹಾಳುಮಾಡಿದವರು, ಒಳಗಿನ ಭಿನ್ನಮತಗಳನ್ನು ಕಾಣದೆ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದವರು ಬೇರೆಯವರ ಧರ್ಮದ ವಿಷಯದಲ್ಲಿ ಹೆಚ್ಚು ಜಾಗ್ರತೆ ವಹಿಸುತ್ತಾರೆ ಎಂದು ನಂಬಲು ಕಾರಣವಿಲ್ಲ. ಗೀತೆ ಬಲ್ಲವರು ಇನ್ ಅವರ್ ಟೈಮ್‌ನ 2011ರ ಸಂಚಿಕೆಯನ್ನೂ ಆಡಮ್‌ಸನ್ ಮತ್ತು ಗನೇರಿಯವರ ಸಂಚಿಕೆಯನ್ನೂ ಒಂದಾದ ಮೇಲೊಂದು ಕೇಳಿದರೆ, ಎರಡರ ಸ್ವಭಾವ ಒಂದೂಕಾಲು ಗಂಟೆಯಲ್ಲಿ ತಿಳಿದುಹೋಗುತ್ತದೆ.

ಇವೆಲ್ಲ ಇಂಗ್ಲಿಷಿನವು. ಕಿವಿಗೆ ಅಭ್ಯಾಸವಾಗುವವರೆಗೆ ಆಡಮ್‌ಸನ್ ಅಥವಾ ಟಿಪ್ಪೆಟ್ ಸಲೀಸು. ಇಬ್ಬರೂ ನಿಧಾನ, ಮೇಲಾಗಿ ಆನ್ ಬೀಯಿಂಗ್‌ನ ಮಾತುಗಳ ಬರಹರೂಪ ಅವರ ಜಾಲತಾಣದಲ್ಲೇ ಸಿಗುತ್ತದೆ. ಮೂವರು ಬ್ರಿಟಿಷ್ ಪ್ರಾಧ್ಯಾಪಕರು ಒಬ್ಬರ ಮಾತಿನ ಮೇಲೊಬ್ಬರು ಮಾತಾಡುವುದನ್ನು ಹಿಡಿಯಲು ಸ್ವಲ್ಪ ಸಮಯ ಬೇಕು. ವೇಗ ಹೆಚ್ಚಿಸಿ ಕೇಳುವ ಅಭ್ಯಾಸವಿರುವವರು ಉಪನ್ಯಾಸಗಳಿಗೆ ಅದನ್ನು ಬಳಸಿಕೊಳ್ಳಲಿ. ಟಿಪ್ಪೆಟ್ ಪ್ರಶ್ನೆ ಕೇಳಿದ ಮೇಲೆ ಅತಿಥಿ ಸುಮ್ಮನಿರುವ ಆ ಮೂರು ಸೆಕೆಂಡನ್ನು ಮಾತ್ರ ಕತ್ತರಿಸಬೇಡಿ.

ಎಲ್ಲಿಂದ ಶುರುಮಾಡಲಿ ಎಂದು ಕೇಳುವವರಿಗೆ ನಾನು ಈಗ ಗಜಾಲಿಯವರನ್ನೇ ತೋರಿಸುತ್ತೇನೆ. ಮೊದಲ ದಿನ ಇನ್ ಅವರ್ ಟೈಮ್‌ನ 2015ರ ಸಂಚಿಕೆ. ಆಮೇಲೆ ಎರಡು ವಾರ ಆಡಮ್‌ಸನ್ನರಲ್ಲಿ ಅವಿಸೆನ್ನನಿಂದ ಅವೆರೊಯೆಸ್‌ವರೆಗಿನ ಹಾದಿ, ದಿನಕ್ಕೊಂದು. ನಡುವೆ ಒಂದು ಸಂಜೆ ರೂಮಿಯ ಕುರಿತು ಆನ್ ಬೀಯಿಂಗ್ ಮಾಡಿದ, ಪ್ರಸಾರ ಮಾಧ್ಯಮಗಳಿಗೆ ಕೊಡುವ ಪೀಬಡಿ ಪ್ರಶಸ್ತಿ ಪಡೆದ ಸಂಚಿಕೆ. ಅಷ್ಟಾದ ಮೇಲೆ ಇಯರ್‌ಫೋನ್ ತೆಗೆದಿಟ್ಟು, ಗಜಾಲಿಯವರೇ ಬರೆದ ಆತ್ಮಕಥನದ ಅನುವಾದ ಹಿಡಿಯಿರಿ. ಸಣ್ಣ ಪುಸ್ತಕ, ಒಂದು ರಜಾದಿನಕ್ಕೆ ಸಾಕು. ಬಾಗ್ದಾದಿನಲ್ಲಿ ನಾಲಿಗೆ ಕಟ್ಟಿದ ದಿನಗಳ ಪುಟ ಬಂದಾಗ, ಅದನ್ನು ಒಮ್ಮೆ ಗಟ್ಟಿಯಾಗಿ ಓದಿ.